ಅಂಟಿಲ್ಲದೆ ನಿಂತ ರೂರ್ಕಿ ಕುರ್ಚಿ: ನನ್ನ ಅನುಭವ

ಬಿಚ್ಚಿ ಸುತ್ತಿ ಹೊತ್ತೊಯ್ಯಬಹುದಾದ ರೂರ್ಕಿ ಕುರ್ಚಿಯೊಂದನ್ನು ನಾನೇ ಮಾಡಿದೆ. ಅಂಟೂ ಇಲ್ಲ, ಮೊಳೆಯೂ ಇಲ್ಲ, ಕೂತವರ ಸೊಂಟ ಮುರಿದೀತು ಅಂದವರೇ ಈಗ ಅಳತೆ ಕೇಳುತ್ತಿದ್ದಾರೆ. ತೂಕದ ಆಸಾಮಿಗಳೂ ಕೂತು ಎದ್ದಾಗಿದೆ, ಕುರ್ಚಿ ಜಗ್ಗಿಲ್ಲ.

ಈ ಬಗೆಯ ಕುರ್ಚಿ ಈಗಿನ ಉತ್ತರಾಖಂಡದ ರೂರ್ಕಿ ಊರಿನ ಸೇನಾ ಎಂಜಿನಿಯರುಗಳ ಕಡೆಯಿಂದ 19ನೇ ಶತಮಾನದ ಕೊನೆಗೆ ಬಂದದ್ದು. ಅದಕ್ಕೆ ಮುಂಚೆ ಬ್ರಿಟಿಷ್ ಅಧಿಕಾರಿಗಳು ಹಿತ್ತಾಳೆ ಮೂಲೆಗಳ ಭಾರಿ ಪೆಟ್ಟಿಗೆಗಳನ್ನೆಲ್ಲ ಹೊರಿಸಿಕೊಂಡು ದಂಡೆತ್ತಿ ಹೋಗುತ್ತಿದ್ದರು. 1933ರಲ್ಲಿ ಡೆನ್ಮಾರ್ಕಿನ ವಿನ್ಯಾಸಕಾರ ಕಾರೆ ಕ್ಲಿಂಟ್ ಮಾಡಿದ ಸಫಾರಿ ಕುರ್ಚಿಗೂ ಇದೇ ಮೂಲ.

ಕಾಲು ನಾಲ್ಕು: ಎರಡಿಂಚು ಚೌಕ, 22 ಇಂಚು ಉದ್ದ. ಅಡ್ಡಕೋಲು ನಾಲ್ಕು: ಸುಮಾರು ಒಂದೂಕಾಲು ಇಂಚು ದಪ್ಪ. ತೂತು ಬೀಳುವ ಜಾಗದಲ್ಲಿ ಕಾಲನ್ನು ಚೌಕವಾಗಿಯೇ ಬಿಡಿ, ಮಿಕ್ಕದ್ದನ್ನು ಲೇತಿನಲ್ಲಿ ದುಂಡಗೆ ಕಡೆಸಿ. ಪಕ್ಕದ ಕೋಲಿನ ತೂತು, ಮುಂದಿನ ಕೋಲಿನ ತೂತಿಗಿಂತ ಒಂದಿಂಚು ಮೇಲಿರಲಿ. ಎರಡೂ ಒಳಗೆ ಸಂಧಿಸಿದರೆ ಕಾಲು ಅಲ್ಲೇ ಸೀಳುತ್ತದೆ. ಸಿಲ್ವರ್ ಓಕ್ ಹೇಗಿದ್ದರೂ ಸೀಳಿತು. ಹೊನ್ನೆ ಗಟ್ಟಿ, ಆದರೆ ನೆನೆದರೆ ಬಣ್ಣ ಬಿಟ್ಟು ಕ್ಯಾನ್ವಾಸಿಗೆ ಹಳದಿ ಕಲೆ. ಕೊನೆಗೆ ತೇಗ.

ಕೋಲಿನ ತುದಿ ಬಿರಡೆಯಂತೆ ಮೊನೆಯತ್ತ ಸಣ್ಣಗಾಗಬೇಕು, ಮೊನೆಯ ದಪ್ಪ ಇಂಚಿನ ಎಂಟರಲ್ಲಿ ಐದು ಭಾಗ (5/8). ತೂತನ್ನೂ ಅದೇ ಓರೆಗೆ ರೀಮರಿನಲ್ಲಿ (ತೂತಿನೊಳಗೆ ತಿರುಗಿಸಿ ಹೆರೆಯುವ ಹತಾರ) ಅಗಲಿಸಬೇಕು. ಓರೆ ಕಡಿಮೆಯಾದರೆ ಕೋಲು ಕಚ್ಚಿಕೊಂಡು, ಬಿಚ್ಚಲು ಸುತ್ತಿಗೆಯೇ ಬೇಕು. ಹೆಚ್ಚಾದರೆ ಕುರ್ಚಿ ಎತ್ತುವಾಗ ಕಳಚಿ ಬೀಳುತ್ತದೆ. ಕೋಲಿನ ದಪ್ಪ ಭಾಗ ಕಾಲಿಗೆ ತಾಗಲೇಬಾರದು, ಎರಡು ಮೂರು ಮಿಲಿಮೀಟರ್ ಸಂದು ಇರಲಿ. ಮರ ಒಣಗಿ ಕುಗ್ಗಿದರೆ ಕೋಲು ಆ ಸಂದಿನಷ್ಟು ಒಳಗೆ ಜಾರಿ ಮತ್ತೆ ಕೂರುತ್ತದೆ. ರೀಮರಿನ ಅಲಗನ್ನು ನಾನು ಯಾವುದರಿಂದ ಮಾಡಿಸಿದೆ, ಎಷ್ಟು ಡಿಗ್ರಿಗೆ ಸಾಣೆ ಹಿಡಿಸಿದೆ ಅನ್ನೋದು ನನ್ನಲ್ಲೇ ಇರಲಿ.

ನೋಡಿದವರಿಗೆ ಅನುಮಾನ ಇದ್ದದ್ದೆಲ್ಲ ಅಂಟಿಲ್ಲದೆ ಬಿಗಿ ಹೇಗೆ ಅನ್ನೋದರ ಬಗ್ಗೆ. ಸೀಟು ಸುತ್ತಿಕೊಳ್ಳುವುದು ಎಡಬಲದ ಕೋಲುಗಳಿಗೆ. ಕೂತ ಕೂಡಲೇ ಭಾರ ಆ ಎರಡನ್ನೂ ಒಳಕ್ಕೆ ಎಳೆಯುತ್ತದೆ, ಕಾಲುಗಳು ಮುಂದಿನ ಹಿಂದಿನ ಕೋಲುಗಳನ್ನು ಒತ್ತಿ ಹಿಡಿಯುತ್ತವೆ. ಪಕ್ಕದ ಕೋಲುಗಳಿಗೆ ಮಾತ್ರ ಈ ಲಾಭವಿಲ್ಲ, ಅಲ್ಲಿ ಮುಂಗಾಲು ಹಿಂಗಾಲು ಸೇರಿಸಿ ಬೆಲ್ಟು ಬಿಗಿಯಬೇಕು. ಅಂಟು ಹಾಕಿದರೆ ಇನ್ನೊಂದು ನಷ್ಟವಿದೆ: ಈ ಕೀಲುಗಳು ಚೂರು ತಿರುಗುವುದರಿಂದಲೇ ಏರುತಗ್ಗಿನ ನೆಲದಲ್ಲೂ ನಾಲ್ಕು ಕಾಲೂ ಊರುತ್ತವೆ.

ಸೀಟಿನ ಚರ್ಮ ನಾಲ್ಕು ಮಿಲಿಮೀಟರ್ ಆಸುಪಾಸು ಇರಲಿ, ಬೆನ್ನಿನ ಭಾಗದ್ದು. ಹೊಟ್ಟೆಯ ಚರ್ಮ ಅಗ್ಗವೆಂದು ಕೊಂಡರೆ ತಿಂಗಳೊಪ್ಪತ್ತಿನಲ್ಲಿ ಜೋಲಿಯಾಗುತ್ತದೆ. ಕೆಳಗೆ ಎರಡು ಅಂಚುಗಳ ನಡುವೆ ಏಳೆಂಟು ಇಂಚು ಬಿಟ್ಟು ಮೂರು ಬಕಲು ಹಾಕಿ. ಅಂಚು ಕೂಡಿಸಿಬಿಟ್ಟರೆ ಹಿಗ್ಗಿದಾಗ ಬಿಗಿಯಲು ಜಾಗವೇ ಇರುವುದಿಲ್ಲ. ಕಬ್ಬಿಣದ ಸ್ಕ್ರೂ ಬೇಡ, ತೇವ ತಗುಲಿದರೆ ಚರ್ಮ ಕಪ್ಪಾಗುತ್ತದೆ; ಹಿತ್ತಾಳೆಯದೇ ಆಗಬೇಕು. ಹತ್ತಿ ಕ್ಯಾನ್ವಾಸಾದರೆ ಮಳೆಗಾಲದಲ್ಲಿ ಬಕಲು ಒಂದು ತೂತು ಸಡಿಲಿಸಿ: ನೆನೆದರೆ ಕುಗ್ಗಿ ಹೊಲಿಗೆ ಕೀಳುತ್ತದೆ. ಒರಗುವ ಬಟ್ಟೆಗೆ ಎರಡು ಕಡ್ಡಿ, ಹಿಂಗಾಲಿಗೆ ಕಾಲಿಂಚಿನ ಬೋಲ್ಟು. ಒರಗಿದಂತೆ ಅದು ತಾನಾಗಿ ವಾಲುತ್ತದೆ. ತೋಳಿಗೆ ಬರೀ ಪಟ್ಟಿ, ಕಾಲಿನ ತಲೆಯ ಗುಬುಟಿಗೆ ಸಿಕ್ಕಿಸುವುದು.

ಖರ್ಚು: ಕಡಿತ ಸೇರಿ ಅರ್ಧ ಘನ ಅಡಿ ತೇಗ, ಎರಡು ಸಾವಿರದ ಮೇಲೆ. ಕಡೆಸುವ ಕೂಲಿ ಸಾವಿರದೈನೂರು. ಚರ್ಮಕ್ಕೆ ಎರಡೂವರೆ ಸಾವಿರ, ಬಕಲು ಬೋಲ್ಟು ಎಂಟುನೂರು. ಒಟ್ಟು ಏಳು ಸಾವಿರದ ಹತ್ತಿರ, ಕ್ಯಾನ್ವಾಸಾದರೆ ಐದರೊಳಗೆ. ದುಡ್ಡು ಸುರಿದದ್ದು ಒಡೆದ ಕಾಲುಗಳಿಗೆ, ಆ ಲೆಕ್ಕ ಇದರಲ್ಲಿಲ್ಲ. ಬಿಚ್ಚಿ ಸುತ್ತಿದರೆ ಎರಡಡಿ ಉದ್ದದ ಕಟ್ಟು, ತೂಕ ನಾಲ್ಕೈದು ಕೆ.ಜಿ.

ಉಳಿದ ತುಂಡುಗಳಲ್ಲಿ ಮಡಚುವ ಮೂರು ಕಾಲಿನ ಸ್ಟೂಲನ್ನೂ ಮಾಡಿ ನೋಡಿದೆ. ಮೂರೂ ಕಾಲು ಕೂಡುವ ಒಂದೇ ಜಾಗದಲ್ಲಿ ತಿರುಗಬೇಕಾದ್ದರಿಂದ ಉದ್ದದ ಬೋಲ್ಟು ಎರಡು ಕಾಲುಗಳನ್ನು ದಾಟಬೇಕು, ಅದಕ್ಕೆ ಪೋಣಿಸಿದ ಕಣ್ಣಿನ ಬೋಲ್ಟು (ತಲೆಯಲ್ಲಿ ಬಳೆ ಇರುವುದು) ಮೂರನೆಯದನ್ನು ಹಿಡಿಯಬೇಕು. ಸೋತದ್ದು ಬೋಲ್ಟಲ್ಲ, ಸೀಟಿನ ಮೂಲೆಯ ಜೇಬು. ಬರೀ ಹೊಲಿಗೆ ನಿಲ್ಲುವುದಿಲ್ಲ, ಪ್ರತಿ ಮೂಲೆಗೂ ಎರಡು ತಾಮ್ರದ ರಿವೆಟ್ ಹೊಡೆಯಿರಿ.