ಐರನ್ ಮಾತ್ರೆ, ಕಾಲ್ಮಣೆ ಮತ್ತು ಮೊಂಡು ಹೊಟ್ಟೆ

ಬಸುರಿಯಾದಾಗ ವಾಂತಿಯಾಗುತ್ತೆ, ಸುಸ್ತಾಗುತ್ತೆ ಅಂತ ಎಲ್ಲರೂ ಹೇಳಿದ್ದರು. ಮಲಬದ್ಧತೆಯಾಗಿ ಮೂರ್ನಾಲ್ಕು ದಿನ ಹೊಟ್ಟೆ ಕಲ್ಲಿನ ಹಾಗೆ ಕೂತುಬಿಡುತ್ತೆ ಅಂತ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ನಾಚಿಕೆ, ಅಲ್ವಾ? ನಾನೂ ಎರಡು ಸಲ ಡಾಕ್ಟರ್ ಮುಂದೆ ಕೂತು, ಹೇಳದೆ ಎದ್ದು ಬಂದೆ.

ಶುರುವಾಗಿದ್ದು ಮೂರನೇ ತಿಂಗಳಲ್ಲೇ. ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿಯಾಗಿ ಕರುಳು ಸಡಿಲವಾಗುತ್ತದೆ, ತಿಂದದ್ದು ನಿಧಾನವಾಗಿ ಸಾಗುತ್ತದೆ, ಅಷ್ಟೂ ಹೊತ್ತು ಕರುಳು ಅದರ ನೀರು ಹೀರುತ್ತಲೇ ಇರುತ್ತದೆ. ಇದನ್ನು ಹೇಗೋ ತಡೆದುಕೊಂಡಿದ್ದೆ. ಐರನ್ ಮಾತ್ರೆ ಶುರುವಾದ ಮೇಲೆ ಕಥೆಯೇ ಬೇರೆ. ಒಂದು ಬೆಳಗ್ಗೆ ತಿಣುಕಿ ತಿಣುಕಿ ಹಣೆಯೆಲ್ಲ ಬೆವರಿತು, ಒರೆಸಿದರೆ ಕೆಂಪಗೆ ರಕ್ತ. ಮಗುವಿಗೇ ಏನೋ ಆಯಿತು ಅಂತ ಕೈಕಾಲು ನಡುಗಿತು. ಗುದದ ಹತ್ತಿರ ಸಣ್ಣ ಸೀಳಂತೆ, ಅದು ಆಮೇಲೆ ಗೊತ್ತಾಯಿತು. ಆಗ ನಾನು ಮಾಡಿದ್ದು ಮಾತ್ರ ಶುದ್ಧ ದಡ್ಡತನ: ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಮೂರು ವಾರದ ನಂತರ ಹಿಮೋಗ್ಲೋಬಿನ್ ನೋಡಿದರೆ 9.8, ಬಸುರಿಗೆ ಕಡಿಮೆಯೇ.

ಆಗ ಎಲ್ಲ ಬಾಯಿಬಿಡಬೇಕಾಯಿತು. ಡಾಕ್ಟರ್ ಬೈಯಲಿಲ್ಲ. ಬೇರೆ ತರದ ಐರನ್ ಕೊಟ್ಟರು, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ನುಂಗಬೇಡಿ, ಎರಡು ಗಂಟೆಯಾದರೂ ಬಿಡಿ ಅಂದರು. ಐರನ್ನಿಂದ ಮಲ ಕಪ್ಪಾದರೆ ಗಾಬರಿಯಾಗಬೇಡಿ ಅಂತಲೂ ಹೇಳಿದರು. ಜೊತೆಗೆ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್. ಅದು ರಾತ್ರಿ ಕುಡಿದು ಬೆಳಗ್ಗೆ ಕೆಲಸ ಮಾಡುವಂಥದ್ದಲ್ಲ, ನನಗೆ ಮೂರನೇ ದಿನಕ್ಕೆ ಗೊತ್ತಾಯಿತು. ಮೊದಮೊದಲು ಗ್ಯಾಸ್ ಬೇರೆ.

ಊಟದ ವಿಷಯದಲ್ಲೂ ಎಡವಿದ್ದೆ. ನಾರಿನಂಶ ಒಳ್ಳೆಯದು ಅಂತ ಒಂದೇ ದಿನದಿಂದ ತಟ್ಟೆ ತುಂಬ ಹಸಿ ತರಕಾರಿ, ಹೊಟ್ಟು ಎಲ್ಲ ತಿನ್ನೋಕೆ ಹೋಗಿ, ನೀರು ಮಾತ್ರ ಮೊದಲಿನಷ್ಟೇ ಕುಡಿದು, ಹೊಟ್ಟೆ ಡೋಲಿನ ಹಾಗೆ ಉಬ್ಬಿ ರಾತ್ರಿಯೆಲ್ಲ ನಿದ್ದೆಯಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿದೆ, ನೀರಿನ ಬಾಟಲಿ ಕಣ್ಣೆದುರೇ ಇಟ್ಟುಕೊಂಡೆ.

ಔಷಧಿಯಷ್ಟೇ ಉಪಕಾರ ಮಾಡಿದ್ದು ಒಂದು ಪುಟ್ಟ ಮಣೆ. ಕಮೋಡ್ ಮುಂದೆ ಇಟ್ಟು ಅದರ ಮೇಲೆ ಕಾಲಿಟ್ಟರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಸ್ವಲ್ಪ ಮುಂದೆ ಬಾಗಿ ಸುಮ್ನೆ ಉಸಿರು ಬಿಡುತ್ತಾ ಕೂತರೆ ತಿಣುಕುವುದು ಎಷ್ಟೋ ಕಡಿಮೆಯಾಯಿತು. ತಿಂಡಿಯಾದ ಮೇಲೆ ಕರುಳು ತಾನೇ ಚುರುಕಾಗುವ ಹೊತ್ತು, ಆಗಲೇ ಹೋಗುತ್ತಿದ್ದೆ. ಬಂದಾಗ 'ಈ ಕೆಲಸ ಮುಗಿಸಿ ಹೋಗೋಣ' ಅಂತ ತಡೆಯುತ್ತಿದ್ದ ಹಳೇ ಚಾಳಿಯನ್ನೂ ಬಿಟ್ಟೆ.

ಹರಳೆಣ್ಣೆ ಕುಡಿ ಅಂದವರೂ ಇದ್ದರು. ಅದು ಗರ್ಭಕೋಶವನ್ನೂ ಕೆರಳಿಸಬಹುದು, ನಾನು ಮುಟ್ಟಲಿಲ್ಲ. ಹೆರಿಗೆಯಾದ ಮೇಲೂ ಮಣೆ ಮಾತ್ರ ಅಲ್ಲೇ ಇದೆ. ಹೊಲಿಗೆ ಹಾಕಿದ್ದ ಮೊದಲ ವಾರದಲ್ಲಂತೂ ಅದೇ ಕೈ ಹಿಡಿದದ್ದು.