ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ದೂರದೂರಿಗೆ ವಿಮಾನ ಹತ್ತುವವರಿಗೆ: ಗಂಟೆ ಲೆಕ್ಕ

ಟಿಕೆಟ್‌ನಲ್ಲಿ ಬೆಂಗಳೂರು ಬಿಡೋದು ಬೆಳಗ್ಗೆ 10, ದುಬೈ ತಲುಪೋದು 12.30 ಅಂತಿದ್ದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು. ಎರಡೂ ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳೋ ಹಿರಿಯರಿಗೆ ಇದನ್ನು ಚೀಟಿಯಲ್ಲಿ ಬರೆದುಕೊಡಿ.

ಅಂದಾಜಿಗೆ ನೇರ ದೂರವನ್ನು ಜೆಟ್ ವಿಮಾನದ ವೇಗ, ಅಂದರೆ ಗಂಟೆಗೆ 850 ಕಿ.ಮೀ.ಯಿಂದ ಭಾಗಿಸಿ, ಏರೋದು ಇಳಿಯೋದಕ್ಕೆ ಅರ್ಧ ಮುಕ್ಕಾಲು ಗಂಟೆ ಸೇರಿಸಿ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಅಂದರೆ ಎರಡೂಮುಕ್ಕಾಲು ಗಂಟೆ. ಲಂಡನ್ ಸುಮಾರು 8,000 ಕಿ.ಮೀ., ಹತ್ತು ಗಂಟೆ. ಹೋಗುವಾಗ ಗಾಳಿ ಎದುರು, ಅದಕ್ಕೇ ಇನ್ನೂ ಹೆಚ್ಚು ಹಿಡಿಯುತ್ತೆ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತೆ.

ನಮ್ಮ ಶಿವಮೊಗ್ಗ–ಬೆಂಗಳೂರು ಎಟಿಆರ್‌ಗೆ ಈ ಸೂತ್ರ ನಡೆಯಲ್ಲ. ರೆಕ್ಕೆಯಲ್ಲಿ ಆರು ಎಸಳಿನ ಪಂಖ ತಿರುಗೋ ವಿಮಾನ ಅದು, ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ನೇರ ದೂರ 240 ಕಿ.ಮೀ. ಇದ್ದರೂ ಒಂದು ಗಂಟೆ ಬೇಕೇ ಬೇಕು.

ನಿಜವಾದ ತಲೆನೋವು ಮೋಡ. ಮಳೆಗಾಲದಲ್ಲಿ ಅದು ತಗ್ಗಿಗಿಳಿದರೆ ರನ್‌ವೇ ಕಾಣದೆ ವಿಮಾನ ತಡವಾಗುತ್ತೆ, ಇಲ್ಲವೇ ಬೇರೆ ಊರಿಗೆ ತಿರುಗುತ್ತೆ. ಬೆಂಗಳೂರಿಗೊಂದು, ಅಲ್ಲಿಂದ ಮುಂದಕ್ಕೊಂದು ಅಂತ ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಮುಂದಿನ ವಿಮಾನ ನಿಮಗೆ ಕಾಯಲ್ಲ, ಬ್ಯಾಗೂ ಬೆಂಗಳೂರಲ್ಲಿ ಇಳಿಸಿಕೊಂಡು ಮತ್ತೆ ಕೊಡಬೇಕು. ಐದು ಗಂಟೆಯಾದರೂ ಅಂತರ ಇಡಿ. ಜುಲೈನಲ್ಲಾದರೆ ಹಿಂದಿನ ರಾತ್ರಿಯ ರೈಲೇ ವಾಸಿ.