ಉಪ್ಪಿನ ಗದ್ದೆಯಲ್ಲಿ ಚಮಚ ಕೊಕ್ಕಿನ ಹಕ್ಕಿ: ಗುಂಪಾಗಿ ನೋಡಲು ಹೋಗುವುದು ಹೇಗೆ?

ಗಾತ್ರದಲ್ಲಿ ಗುಬ್ಬಚ್ಚಿಯಷ್ಟೇ. ಕೊಕ್ಕಿನ ತುದಿ ಮಾತ್ರ ಚಮಚದಂತೆ ಅಗಲ. ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್ ರಷ್ಯಾದ ಈಶಾನ್ಯ ಮೂಲೆಯಲ್ಲಿ ಮರಿ ಮಾಡುತ್ತದೆ. ಚಳಿಗಾಲ ಬಂತೆಂದರೆ ಸುಮಾರು 8,000 ಕಿ.ಮೀ. ಹಾರಿ ದಕ್ಷಿಣದ ಕರಾವಳಿಗೆ ಇಳಿಯುತ್ತದೆ. ಜಗತ್ತಿನಲ್ಲಿ ಉಳಿದಿರುವುದು ಕೆಲವೇ ನೂರು. ಅವುಗಳಲ್ಲಿ ಬೆರಳೆಣಿಕೆಯಷ್ಟು ಥಾಯ್ಲೆಂಡಿನ ಪೆಚ್ಚಬುರಿ ಪ್ರಾಂತ್ಯದ ಪಾಕ್ ಥಲೇ ಉಪ್ಪಿನ ಗದ್ದೆಗಳಿಗೆ ಬರುತ್ತವೆ. ಬ್ಯಾಂಕಾಕ್‌ನಿಂದ ವ್ಯಾನಿನಲ್ಲಿ ಸುಮಾರು ಎರಡು ಗಂಟೆಯ ದಾರಿ.

ಮೊದಲು ಜನ. ಆರೇಳು ಮಂದಿ ಸಾಕು. ಒಂದೇ ಹಕ್ಕಿಗಾಗಿ ಅರ್ಧ ದಿನ ನಿಲ್ಲಬೇಕಾಗಬಹುದು ಎಂದು ಎಲ್ಲರಿಗೂ ಮೊದಲೇ ಹೇಳಿಬಿಡಿ. ಬೈನಾಕ್ಯುಲರ್ ಒಂದೇ ಸಾಲದು. ಗುಂಪಿಗೆ ಎರಡು ಟೆಲಿಸ್ಕೋಪ್ ಇರಲಿ.

ಆಮೇಲೆ ದಿನ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಆದರೆ ಟಿಕೆಟ್ ಮಾಡುವ ಮುಂಚೆ ಸಮುದ್ರದ ಉಬ್ಬರ-ಇಳಿತದ ಪಟ್ಟಿ ನೋಡಿ. ಎಲ್ಲಕ್ಕಿಂತ ಮುಖ್ಯ ಇದೇ. ಇಳಿತದಲ್ಲಿ ಹಕ್ಕಿಗಳು ಮೈಲುಗಟ್ಟಲೆ ಕೆಸರಿನಲ್ಲಿ ಚದುರಿಹೋಗಿರುತ್ತವೆ. ಉಬ್ಬರ ಏರಿ ಕೆಸರು ಮುಳುಗಿದಾಗ ಸಾವಿರಾರು ಹಕ್ಕಿಗಳು ಒಟ್ಟಿಗೆ ಉಪ್ಪಿನ ಗದ್ದೆಗೆ ಬರುತ್ತವೆ. ಬೆಳಗಿನ ಹೊತ್ತಿಗೆ ಉಬ್ಬರ ಬರುವ ದಿನ ಆರಿಸಿ. ಜನವರಿಯಲ್ಲೂ ಅಲ್ಲಿ ಬಿಸಿಲು ಜೋರು. ಹೊತ್ತೇರಿದರೆ ಬಿಸಿಗಾಳಿ ಅಲುಗಾಡಿ ಟೆಲಿಸ್ಕೋಪಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ.

ಹೊರಡುವ ಮುಂಚೆ ಒಂದು ವಾರಾಂತ್ಯ ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಹೋಗಿ ಬನ್ನಿ. ಅಲ್ಲೂ ಉಪ್ಪಿನಾಗರ, ಅಲ್ಲೂ ಗೊರವಗಳು, ಅಂದರೆ ಸ್ಯಾಂಡ್‌ಪೈಪರ್ ಬಳಗದ ಕೆಸರು ಹಕ್ಕಿಗಳು. ಪುಟ್ಟ ಗೊರವಗಳನ್ನು ಒಂದೊಂದಾಗಿ ನೋಡುವುದು ರೂಢಿಯಾಗುತ್ತದೆ.

ಪಾಕ್ ಥಲೇಯಲ್ಲಿ ಸೂರ್ಯ ಬೆನ್ನಿಗೆ ಬರುವಂತೆ ನಿಲ್ಲಿ. ಹಕ್ಕಿಗಳ ಗುಂಪನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಜಾಲಾಡಿ. ಚಮಚವನ್ನು ಹುಡುಕಬೇಡಿ! ಪಕ್ಕದಿಂದ ನೋಡಿದರೆ ಅದು ಮಾಮೂಲಿ ಕೊಕ್ಕಿನ ಹಾಗೇ ಕಾಣುತ್ತದೆ, ಎದುರು ತಿರುಗಿದಾಗಲೇ ಅಗಲ ಗೊತ್ತಾಗುವುದು. ನಡಿಗೆ ನೋಡಿ. ಜೊತೆಯಲ್ಲಿರುವ ಪುಟ್ಟ ಗೊರವಗಳಾದ ರೆಡ್-ನೆಕ್ಡ್ ಸ್ಟಿಂಟ್‌ಗಳು ಅಲ್ಲಿ ಇಲ್ಲಿ ಚುಚ್ಚಿ ಚುಚ್ಚಿ ಹೆಕ್ಕುತ್ತವೆ. ಇದು ತಲೆ ತಗ್ಗಿಸಿ, ಕೊಕ್ಕನ್ನು ನೀರಲ್ಲಿಟ್ಟು ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಹಣೆ, ಎದೆ ಇನ್ನಷ್ಟು ಬಿಳಿ. ಕಂಡವರು ಕೂಗದೆ, ಟೆಲಿಸ್ಕೋಪನ್ನು ಅಲುಗಾಡಿಸದೆ ಪಕ್ಕಕ್ಕೆ ಸರಿಯಬೇಕು. ಒಬ್ಬೊಬ್ಬರು ಹತ್ತು ಸೆಕೆಂಡ್ ನೋಡಿ ಬಿಟ್ಟುಕೊಡಿ, ಎಲ್ಲರಿಗೂ ಒಂದು ಸಲ ಸಿಕ್ಕ ಮೇಲೆ ಎರಡನೇ ಸುತ್ತು. ಫೋಟೊ ಆಸೆಗೆ ಹತ್ತಿರ ಹೋಗಿ ಹಾರಿಸಬೇಡಿ. ದೂರದಿಂದ ಬಂದ ಜೀವ, ಅದಕ್ಕೆ ಹೊಟ್ಟೆ ತುಂಬಿಸಿಕೊಳ್ಳಲು ಬಿಡಬೇಕು ಅಲ್ವಾ?

ಗದ್ದೆಯ ಬದುಗಳ ಮೇಲೆ ಸುಮ್ನೆ ಓಡಾಡಬೇಡಿ. ಅದು ಉಪ್ಪು ಬೆಳೆಯುವವರ ದುಡಿಮೆಯ ಜಾಗ. ಅವರು ಗದ್ದೆಗೆ ನೀರು ಕಟ್ಟುವುದರಿಂದಲೇ ಈ ಹಕ್ಕಿಗಳಿಗೂ ಅಲ್ಲಿ ಊಟ.

ಮರುದಿನ ಹತ್ತಿರದ ಲೇಮ್ ಫಕ್ ಬಿಯಾದಲ್ಲಿ ದೋಣಿ ಹತ್ತಿ ಮರಳ ದಿಬ್ಬಕ್ಕೆ ಹೋಗಿ. ಮಲೇಷಿಯನ್ ಪ್ಲವರ್ ಎಂಬ ಮರಳ ದಂಡೆಯ ಪುಟ್ಟ ಹಕ್ಕಿ ಅಲ್ಲಿ ಸಿಗುತ್ತದೆ. ಅದೃಷ್ಟವಿದ್ದರೆ ಚೀನಾ ಬೆಳ್ಳಕ್ಕಿಯೂ. ನೀರಿಗೆ ಇಳಿಯಬೇಕಾದೀತು, ಚಪ್ಪಲಿ ಹಾಕಿಕೊಳ್ಳಿ.

ಕೆಲವು ಗೊರವಗಳ ಕಾಲಿಗೆ ಸಂಶೋಧಕರು ಬಣ್ಣದ ಪಟ್ಟಿ ಹಾಕಿರುತ್ತಾರೆ. ಕಂಡರೆ ಬಣ್ಣ, ಅಕ್ಷರ, ಯಾವ ಕಾಲು, ದಿನ, ಜಾಗ ಎಲ್ಲವನ್ನೂ ಅಲ್ಲೇ ಬರೆದುಕೊಂಡು ಥಾಯ್ಲೆಂಡಿನ ಪಕ್ಷಿ ಸಂರಕ್ಷಣಾ ಸಂಘಕ್ಕೆ ಕಳಿಸಿ.